ವಿಧಿಯೋ, ನಮ್ಮ ಅಲಕ್ಷ್ಯವೋ?



ಕೆಲವು ವರ್ಷಗಳ ಹಿಂದೆ ನನ್ನ ಮದ್ರಸದಲ್ಲಿ ಕಲಿತು ಹೋದ ಹುಡುಗನೊಬ್ಬ ಮರದ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ್ದ. ಹತ್ತೊಂಬತ್ತರ ಪ್ರಾಯ. ತಂದೆಯಿಲ್ಲದ ಮನೆಗೆ ಅವನ ದುಡಿಮೆಯೇ ಆಧಾರ. ಒಂದು ದಿನ ಅಸರ್ ನಮಾಝ್ ಮುಗಿಸಿ ಹೊರಬರುವಾಗ, ಅವನ ಬಲಗೈ ತಿರುಗುವ ಗರಗಸಕ್ಕೆ ಸಿಲುಕಿ ಮೂರು ಬೆರಳುಗಳು ಹೋದವೆಂಬ ಸುದ್ದಿ ಬಂತು. ಅವನು ಆಸ್ಪತ್ರೆಯಿಂದ ಮರಳಿದ ಮೇಲೆ ನೋಡಿ ಬರಲು ಹೋದೆ. ಇಂಥ ಮನೆಗಳಲ್ಲಿ ನಾವು ಉಸ್ತಾದರು ಏನು ಹೇಳುತ್ತೇವೆಂದು ನಿಮಗೆ ಗೊತ್ತು. ನಾನೂ ಅದನ್ನೇ ಹೇಳಿದೆ. ಎಲ್ಲವೂ ಅಲ್ಲಾಹನ ವಿಧಿ, ಸಹನೆ ತಾಳಿರಿ, ಸಹನೆಗೆ ಅವನ ಬಳಿ ದೊಡ್ಡ ಪ್ರತಿಫಲವಿದೆ ಎಂದೆ.

ಹುಡುಗನ ತಾಯಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ಅಲ್ಲಿಂದಲೇ ಮೆಲ್ಲನೆ ಹೇಳಿದರು: "ಉಸ್ತಾದರೇ, ಬೆರಳು ಹೋದದ್ದು ವಿಧಿಯೆಂದು ಒಪ್ಪಿದೆ. ಆದರೆ ಗರಗಸದ ಮುಚ್ಚಳ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತಂತೆ. ಅದನ್ನು ಕಳಚಿಟ್ಟದ್ದೂ ವಿಧಿಯೇ?"

ನನಗೆ ಉತ್ತರ ಹೊಳೆಯಲಿಲ್ಲ. ದಪ್ಪ ಹಲಗೆ ಹಾಯುವಾಗ ಮುಚ್ಚಳ ಅಡ್ಡ ಬರುತ್ತದೆ, ಕೆಲಸ ನಿಧಾನವಾಗುತ್ತದೆ ಎಂದು ಅದನ್ನು ತಿಂಗಳುಗಳ ಹಿಂದೆಯೇ ಕಳಚಿದ್ದರು. ಅದು ಮಿಲ್ಲಿನಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಿಂದೆ ಎರಡು ಬಾರಿ ಹುಡುಗನ ಕೈ ಕೂದಲೆಳೆಯಷ್ಟರಲ್ಲಿ ಪಾರಾಗಿತ್ತು. ಮಾಲಕರು ಕೆಟ್ಟವರಲ್ಲ. ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವವರು, ಝಕಾತನ್ನು ಲೆಕ್ಕವಿಟ್ಟು ಕೊಡುವವರು. ಆಸ್ಪತ್ರೆಯ ಖರ್ಚನ್ನೂ ಅವರೇ ಕೊಟ್ಟಿದ್ದರು.

ಹೊರಡುವಾಗ ಹುಡುಗ ಒಂದು ಮಸ್ಅಲ ಕೇಳಿದ. ಇನ್ನು ಮುಂದೆ ಎಡಗೈಯಲ್ಲಿ ಊಟ ಮಾಡಿದರೆ ತಪ್ಪಾಗುತ್ತದೆಯೇ ಎಂದು. ಅದಕ್ಕೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಅನಿವಾರ್ಯ ಕಾರಣವಿರುವವನಿಗೆ ದೋಷವಿಲ್ಲವೆಂದೆ. ಮಗನ ಪ್ರಶ್ನೆಗೆ ಉತ್ತರ ಕಿತಾಬಿನಲ್ಲಿತ್ತು. ತಾಯಿಯ ಪ್ರಶ್ನೆಗೂ ಉತ್ತರ ಕಿತಾಬಿನಲ್ಲೇ ಇತ್ತು, ನಾನು ಹುಡುಕಿರಲಿಲ್ಲ ಅಷ್ಟೆ. ತಡವಾದರೂ ಆ ತಾಯಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಧಿಯಲ್ಲಿ ವಿಶ್ವಾಸವೆಂದರೇನು?

ಒಳಿತೂ ಕೆಡುಕೂ ಅಲ್ಲಾಹನ ನಿರ್ಣಯದಂತೆ ನಡೆಯುತ್ತದೆಂದು ನಂಬುವುದು ಈಮಾನಿನ ಭಾಗ. ಅದರಲ್ಲಿ ಸಂಶಯವಿಲ್ಲ. ಆದರೆ ಆ ನಂಬಿಕೆ ನಷ್ಟ ಹೊಂದಿದವನ ಗಾಯಕ್ಕೆ ಮದ್ದು. ನಷ್ಟ ಮಾಡಿದವನ ತಪ್ಪಿಗೆ ಹೊದಿಕೆಯಲ್ಲ.

ದ್ವಿತೀಯ ಖಲೀಫ ಹಝ್ರತ್ ಉಮರ್(ರ) ಶಾಮ್‌ಗೆ ಹೊರಟಿದ್ದರು. ದಾರಿಯಲ್ಲಿ ಸರ್ಗ್ ಎಂಬ ಸ್ಥಳದಲ್ಲಿ, ಅಲ್ಲಿ ಪ್ಲೇಗ್ ಹರಡಿದೆಯೆಂಬ ಸುದ್ದಿ ಸಿಕ್ಕಿತು. ಸಮಾಲೋಚಿಸಿ, ಜನರೊಂದಿಗೆ ಮರಳಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಹಝ್ರತ್ ಅಬೂ ಉಬೈದ(ರ) ಕೇಳಿದಾಗ, ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಒಂದು ಕಡೆ ಹಸಿರು, ಇನ್ನೊಂದು ಕಡೆ ಬರಡು ಇರುವ ಕಣಿವೆಯಲ್ಲಿ ಒಂಟೆ ಮೇಯಿಸುವವನ ಉದಾಹರಣೆಯನ್ನೂ ಕೊಟ್ಟರು. ಎಲ್ಲಿ ಮೇಯಿಸಿದರೂ ವಿಧಿಯೇ, ಆದರೆ ಆಯ್ಕೆಯ ಹೊಣೆ ಅವನದು. ರೋಗವಿರುವ ಊರಿಗೆ ಹೋಗಬಾರದು, ಅಲ್ಲಿರುವವರು ಹೊರಟು ಬರಬಾರದು ಎಂಬ ಪ್ರವಾದಿ(ಸ)ಯವರ ಆದೇಶವನ್ನು ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ನಂತರ ತಿಳಿಸಿದಾಗ ಖಲೀಫರು ಅಲ್ಲಾಹನನ್ನು ಸ್ತುತಿಸಿದರು (ಬುಖಾರಿ, ಮುಸ್ಲಿಮ್). ಒಂಟೆಯನ್ನು ಕಟ್ಟಿ ಹಾಕಿ ಆಮೇಲೆ ತವಕ್ಕುಲ್ ಮಾಡಬೇಕೆಂಬ ಉಪದೇಶ ನಮಗೆಲ್ಲ ಬಾಯಿಪಾಠ (ತಿರ್ಮಿದಿ). ಕಟ್ಟದೆ ಬಿಟ್ಟವನು ತವಕ್ಕುಲ್ ಮಾಡಿದವನಲ್ಲ, ಸೋಮಾರಿತನಕ್ಕೆ ತವಕ್ಕುಲ್ ಎಂದು ಹೆಸರಿಟ್ಟವನು.

ಕುರ್‌ಆನ್ ಇನ್ನೂ ಮುಂದೆ ಹೋಗುತ್ತದೆ. ನಮ್ಮನ್ನು ನಮ್ಮ ಕೈಯಾರೆ ನಾಶಕ್ಕೆ ತಳ್ಳಿಕೊಳ್ಳಬಾರದೆಂದು ಅದು ಆಜ್ಞಾಪಿಸುತ್ತದೆ (2:195). ಒಬ್ಬ ವಿಶ್ವಾಸಿಯನ್ನು ಬೇಕೆಂದೇ ಅಲ್ಲ, ಪ್ರಮಾದದಿಂದ ಕೊಂದರೂ ಮೃತನ ಮನೆಯವರಿಗೆ ಪರಿಹಾರಧನ ಕೊಡಬೇಕು, ಗುಲಾಮನನ್ನು ವಿಮೋಚಿಸಬೇಕು, ಅದು ಸಾಧ್ಯವಾಗದಿದ್ದರೆ ಎರಡು ತಿಂಗಳು ನಿರಂತರ ಉಪವಾಸ ಹಿಡಿಯಬೇಕು (4:92). ಆಲೋಚಿಸಿರಿ. ಉದ್ದೇಶವಿರಲಿಲ್ಲ, ದ್ವೇಷವಿರಲಿಲ್ಲ. ಆದರೂ ವಿಧಿಯೆಂದು ಕೈತೊಳೆದುಕೊಳ್ಳಲು ಅಲ್ಲಾಹನು ಬಿಡಲಿಲ್ಲ. ಮನೆಯವರಿಗೆ ಸಲ್ಲಬೇಕಾದದ್ದು ಬೇರೆ, ಅಲ್ಲಾಹನಿಗೆ ಸಲ್ಲಬೇಕಾದ ಪ್ರಾಯಶ್ಚಿತ್ತ ಬೇರೆ.

ಅಬೂ ದಾವೂದ್ ವರದಿ ಮಾಡಿದ ಘಟನೆಯೊಂದಿದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಿದ್ದು ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ ತಯಮ್ಮುಮ್ ಸಾಕೇ ಎಂದು ಸಂಗಡಿಗರನ್ನು ಕೇಳಿದರು. ನೀರಿರುವಾಗ ಸಾಲದು ಎಂದು ಅವರು ಹೇಳಿದರು. ಸ್ನಾನ ಮಾಡಿದ ಆ ವ್ಯಕ್ತಿ ತೀರಿಕೊಂಡರು. ಪ್ರವಾದಿ(ಸ)ಯವರು ಇದನ್ನು ವಿಧಿಯೆಂದು ಹೇಳಿ ಮುಗಿಸಲಿಲ್ಲ. ಅವರೇ ಆತನನ್ನು ಕೊಂದರೆಂದು ಕಟುವಾಗಿ ನುಡಿದರು. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅಜ್ಞಾನಕ್ಕೆ ಮದ್ದು ಕೇಳಿ ತಿಳಿಯುವುದು ಎಂದು ಬೋಧಿಸಿದರು. ಒಳ್ಳೆಯ ಮನಸ್ಸಿನ, ನಮಾಝ್ ಮಾಡುವ ಜನರೂ ಅಜ್ಞಾನದಿಂದ ಒಂದು ಜೀವಕ್ಕೆ ಹೊಣೆಯಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೇ?

ಗಣಿಯಲ್ಲಿ, ಬಾವಿಯಲ್ಲಿ ಆಗುವ ಸಾವಿಗೆ ಪರಿಹಾರವಿಲ್ಲವೆಂಬ ಹದೀಸನ್ನು ಕೆಲವರು ಮುಂದಿಡುತ್ತಾರೆ. ಹದೀಸ್ ಇದೆ, ನಿಜ. ಆದರೆ ತನ್ನ ಸ್ಥಳದಲ್ಲಿ, ಯಾವ ಅತಿಕ್ರಮವನ್ನೂ ಎಸಗದೆ ತೋಡಿದವನಿಗೆ ಅದು ಅನ್ವಯವೆಂದು ಫಿಕ್ಹ್‌ನ ವಿದ್ವಾಂಸರು ವಿವರಿಸಿದ್ದಾರೆ. ಸಾರ್ವಜನಿಕ ದಾರಿಯಲ್ಲಿ ಅನುಮತಿಯಿಲ್ಲದೆ ಗುಂಡಿ ತೋಡಿ, ಅದರಲ್ಲಿ ಯಾರಾದರೂ ಬಿದ್ದರೆ ತೋಡಿದವನೇ ಹೊಣೆಗಾರ. ಮುಚ್ಚಳ ಕಳಚಿದ ಗರಗಸ ಯಾವ ಗುಂಡಿಗಿಂತ ಕಡಿಮೆ?

ಕಾಣದ ಅಪಾಯ, ಕಂಡೂ ಕಾಣದ ಅಪಾಯ

ಕೆಲಸದ ಸ್ಥಳದ ಅಪಾಯಗಳಲ್ಲಿ ಎರಡು ಬಗೆ. ಮೊದಲನೆಯದು ಕಣ್ಣಿಗೆ ಕಾಣದ್ದು. 2022ರ ಎಪ್ರಿಲ್ 17ರಂದು, ರಮಝಾನ್ ತಿಂಗಳಲ್ಲಿ, ಮಂಗಳೂರಿನ ಬಜ್ಪೆ ಸಮೀಪದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ನಡೆದುದನ್ನು ನೆನಪಿಸಿಕೊಳ್ಳಿರಿ. ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬ ಕಾರ್ಮಿಕ ಪ್ರಜ್ಞೆ ತಪ್ಪಿದ. ಅವನನ್ನು ಎತ್ತಲು ಒಡನಾಡಿಗಳು ಒಬ್ಬರ ಹಿಂದೊಬ್ಬರಂತೆ ಇಳಿದರು. ಐವರು ಪ್ರಾಣ ಕಳೆದುಕೊಂಡರು. ಎಲ್ಲರೂ ದೂರದ ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದವರು.

ಇಲ್ಲಿ ನಡೆಯುವುದೇನೆಂದು ಪ್ರತಿ ಮನೆಯವರೂ ತಿಳಿದಿರಬೇಕು. ಮೀನಿನ ತ್ಯಾಜ್ಯ, ಮಲಗುಂಡಿ, ಕೊಳೆತ ಕೆಸರು ಇರುವ ಮುಚ್ಚಿದ ತೊಟ್ಟಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ಆದ್ದರಿಂದ ತಳದಲ್ಲಿ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಅದು ಸಾಯಿಸಿಬಿಡುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಇಳಿದವನು ಮೇಲೆ ಬರುವುದಿಲ್ಲ. ಹಳೆಯ ಬಾವಿಗಳಲ್ಲಿ ಆಮ್ಲಜನಕವೇ ಕಡಿಮೆಯಿರಬಹುದು. ದೀಪ ಇಳಿಸಿ ನೋಡುವ ನಮ್ಮ ಹಿರಿಯರ ಪದ್ಧತಿ ಆಮ್ಲಜನಕದ ಕೊರತೆಯನ್ನು ತೋರಿಸೀತು, ಆದರೆ ವಿಷಾನಿಲವನ್ನು ತೋರಿಸದು. ಕೊಳಚೆ ತೊಟ್ಟಿಯಲ್ಲಿ ಹೊತ್ತಿಕೊಳ್ಳುವ ಅನಿಲವಿದ್ದರೆ ದೀಪದಿಂದಲೇ ಸ್ಫೋಟವಾದೀತು.

ಒಡನಾಡಿಯನ್ನು ಉಳಿಸಲು ಹಾರಿದವರ ಮನಸ್ಸು ದೊಡ್ಡದು. ಒಂದು ಜೀವವನ್ನು ಉಳಿಸಿದವನು ಇಡೀ ಮಾನವ ಕುಲವನ್ನು ಉಳಿಸಿದಂತೆ ಎಂಬ ಕುರ್‌ಆನಿನ ಬೋಧನೆಯನ್ನು (5:32) ಅವರು ಬದುಕಿ ತೋರಿಸಿದರು. ಆದರೆ ಉಸಿರಾಟದ ಉಪಕರಣವಿಲ್ಲದೆ ಇಳಿಯಬಾರದು, ಹಗ್ಗದಿಂದ ಎಳೆಯಬೇಕು, ಅಗ್ನಿಶಾಮಕ ದಳವನ್ನು ಕರೆಯಬೇಕು ಎಂದು ಅವರಿಗೆ ಮೊದಲೇ ಕಲಿಸಬೇಕಾದವರು ಯಾರು?

ಎರಡನೆಯ ಬಗೆ ಕಂಡೂ ಕಾಣದಂತೆ ನಟಿಸುವ ಅಪಾಯ. ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಝಾ ಎಂಬ ಎಂಟು ಮಹಡಿಯ ಕಟ್ಟಡವಿತ್ತು. ಕೆಳಗೆ ಬ್ಯಾಂಕ್ ಮತ್ತು ಅಂಗಡಿಗಳು, ಮೇಲೆ ಸಿದ್ಧ ಉಡುಪಿನ ಕಾರ್ಖಾನೆಗಳು. 2013ರ ಎಪ್ರಿಲ್ 23ರಂದು ಕಟ್ಟಡದಲ್ಲಿ ಬಿರುಕು ಕಾಣಿಸಿತು. ಬ್ಯಾಂಕ್ ಮುಚ್ಚಿತು, ಅಂಗಡಿಗಳು ಮುಚ್ಚಿದವು. ಆದರೆ ಹೊಲಿಗೆಯ ಕೆಲಸದವರನ್ನು ಮರುದಿನ ಬೆಳಿಗ್ಗೆ ಒಳಗೆ ಕರೆಸಲಾಯಿತು. ಬಾರದಿದ್ದರೆ ಸಂಬಳ ಹೋಗುತ್ತದೆಂಬ ಭಯ ಅವರಿಗೆ. ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೆಣ್ಣುಮಕ್ಕಳು, ಹೆಚ್ಚಿನವರು ನಮ್ಮದೇ ಕಲಿಮ ಹೇಳುವವರು.

ಕಟ್ಟಡ ಕುಸಿದು ಸತ್ತವನು ಶಹೀದನೆಂದು ಹದೀಸ್ ಇದೆ (ಬುಖಾರಿ, ಮುಸ್ಲಿಮ್). ಅಳುವ ಮನೆಯವರಿಗೆ ಅದು ಎಂಥ ಸಾಂತ್ವನ! ಆದರೆ ಆ ಪದವಿ ಸತ್ತವನಿಗೆ. ಬಿರುಕು ನೋಡಿಯೂ ಒಳಗೆ ಕಳಿಸಿದವನಿಗೆ ಅದರಲ್ಲಿ ಕ್ಷಮಾಪತ್ರವಿಲ್ಲ.

ಮೆಲ್ಲನೆ ಕೊಲ್ಲುವ ಅಪಾಯ

ಅಪಾಯವೆಂದರೆ ರಕ್ತ, ಬೆಂಕಿ, ಕುಸಿತ ಮಾತ್ರವೆಂದು ನಾವು ತಿಳಿದಿದ್ದೇವೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 29 ಲಕ್ಷ ಜನರು ದುಡಿಮೆಯ ಕಾರಣದಿಂದ ಸಾಯುತ್ತಾರೆ. ಅದರಲ್ಲಿ ಅಪಘಾತದಿಂದ ಸಾಯುವವರು ಸುಮಾರು 3.3 ಲಕ್ಷ. ಉಳಿದ 26 ಲಕ್ಷ ಜನರನ್ನು ಕೊಲ್ಲುವುದು ಕೆಲಸದಿಂದ ಬಂದ ಕಾಯಿಲೆ. ಆ ಸಾವುಗಳಿಗೆ ಸದ್ದಿಲ್ಲ, ಪತ್ರಿಕೆಯಲ್ಲಿ ಸುದ್ದಿಯಿಲ್ಲ.

ನಮ್ಮ ಮನೆಗಳನ್ನೇ ನೋಡಿರಿ. ರಾಮನಗರದಲ್ಲಿ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಮಾಲಕರಾಗಿಯೂ ಕಾರ್ಮಿಕರಾಗಿಯೂ ಅನೇಕ ಮುಸ್ಲಿಮ್ ಕುಟುಂಬಗಳಿವೆ. ದಿನವಿಡೀ ಬಿಸಿ ನೀರಿನಲ್ಲಿ ಅದ್ದಿದ ಬೆರಳುಗಳ ತೊಗಲು ಬಿರಿಯುತ್ತದೆ, ಗೂಡಿನ ಧೂಳು ಮತ್ತು ಹಬೆ ಸೇರಿ ಕೆಲವರಿಗೆ ಉಬ್ಬಸ ತರುತ್ತದೆ. ಕರಾವಳಿಯ ತಾಯಂದಿರು ಮೊರದಲ್ಲಿ ಹೊಗೆಸೊಪ್ಪಿಟ್ಟು ಬೀಡಿ ಕಟ್ಟುತ್ತಾರೆ. ಆ ಪುಡಿ ಉಸಿರಿನೊಂದಿಗೆ ಒಳಹೋಗುತ್ತದೆ, ನಿಕೋಟಿನ್ ಚರ್ಮದ ಮೂಲಕವೂ ಇಳಿಯುತ್ತದೆ. ಅದೇ ಕೋಣೆಯಲ್ಲಿ ತೊಟ್ಟಿಲು ತೂಗುತ್ತಿರುತ್ತದೆ. ಮರದ ಮಿಲ್ಲಿನ ಸಣ್ಣ ಪುಡಿ ಮೂಗಿನ ಕ್ಯಾನ್ಸರಿಗೂ ಕಾರಣವಾಗುತ್ತದೆ. ಗ್ರಾನೈಟ್ ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶವನ್ನು ಗಟ್ಟಿ ಮಾಡುವ ಸಿಲಿಕೋಸಿಸ್ ತರುತ್ತದೆ. ಅದಕ್ಕೆ ಇನ್ನೂ ಗುಣಪಡಿಸುವ ಮದ್ದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಕೈಯಳತೆ ದೂರದಲ್ಲಿ ನಿಂತವನಿಗೆ ಕೂಗಿ ಹೇಳಬೇಕಾದಷ್ಟು ಸದ್ದಿದ್ದರೆ, ಆ ಜಾಗ ಕಿವಿಯನ್ನು ದಿನದಿನವೂ ತಿನ್ನುತ್ತಿದೆಯೆಂದು ತಿಳಿಯಿರಿ.

ಗುರುತಿಸುವುದು ಹೇಗೆ?

ಇದಕ್ಕೆ ದೊಡ್ಡ ವಿದ್ಯೆ ಬೇಡ. ಬೆಳಿಗ್ಗೆ ಬಿಸ್ಮಿಲ್ಲಾಹ್ ಹೇಳಿ ಯಂತ್ರ ಚಾಲೂ ಮಾಡುವ ಮೊದಲು ಒಂದು ಸುತ್ತು ನಡೆಯಿರಿ. ಏನು ತಿರುಗುತ್ತದೆ, ಏನು ಸುಡುತ್ತದೆ, ಏನು ಬೀಳಬಹುದು, ಎಲ್ಲಿ ಜಾರುತ್ತದೆ, ಯಾವ ತಂತಿಯ ಸಿಪ್ಪೆ ಸುಲಿದಿದೆ, ಯಾವ ಗಾಳಿಯನ್ನು ಉಸಿರಾಡುತ್ತಿದ್ದಾರೆ ಎಂದು ನೋಡಿರಿ. ಪ್ರತಿಯೊಂದನ್ನು ನೋಡುವಾಗಲೂ ಎರಡು ಪ್ರಶ್ನೆ ಕೇಳಿರಿ. ಇದರಿಂದ ಅತಿ ಕೆಟ್ಟದಾಗಿ ಏನಾದೀತು? ಅದು ಆಗುವ ಸಂಭವ ಎಷ್ಟು? ದೊಡ್ಡ ಹಾನಿಯೂ ಹೆಚ್ಚು ಸಂಭವವೂ ಇರುವುದನ್ನು ಇಂದೇ ಸರಿಪಡಿಸಿರಿ.

ಆಮೇಲೆ ಕೆಲಸದವನನ್ನು ಕೇಳಿರಿ. ಯಂತ್ರದ ಮುಂದೆ ಎಂಟು ಗಂಟೆ ನಿಲ್ಲುವವನಿಗೆ ಗೊತ್ತಿರುವಷ್ಟು ಗಲ್ಲೆಯ ಹಿಂದೆ ಕುಳಿತವನಿಗೆ ಗೊತ್ತಿರುವುದಿಲ್ಲ. ಮುಖ್ಯವಾಗಿ, ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳ ಬಗ್ಗೆ ಕೇಳಿರಿ. ಕೈ ಪಾರಾದಾಗ ನಾವು ಅಲ್‌ಹಮ್ದುಲಿಲ್ಲಾಹ್ ಹೇಳಿ ಕೆಲಸ ಮುಂದುವರಿಸುತ್ತೇವೆ. ಅಲ್ಲಾಹನನ್ನು ಸ್ತುತಿಸುವುದು ಸರಿ. ಆದರೆ ಆ ಪಾರಾಗುವಿಕೆ ಅವನು ಕಳಿಸಿದ ಎಚ್ಚರಿಕೆಯೂ ಹೌದಲ್ಲವೇ? ನನ್ನ ಶಿಷ್ಯನಿಗೆ ಅಂಥ ಎಚ್ಚರಿಕೆ ಎರಡು ಬಾರಿ ಬಂದಿತ್ತು.

ಪ್ರವಾದಿ(ಸ)ಯವರು ಕಲಿಸಿದ ಕ್ರಮ

ಗುರುತಿಸಿದ ಅಪಾಯವನ್ನು ಏನು ಮಾಡಬೇಕು? ಈ ವಿಷಯದ ತಜ್ಞರು ಒಂದು ಕ್ರಮವನ್ನು ಹೇಳುತ್ತಾರೆ. ಅದನ್ನು ಓದಿದಾಗ ಹದೀಸಿನಲ್ಲಿ ಚದುರಿದಂತೆ ಕಾಣುತ್ತಿದ್ದ ಎಷ್ಟೋ ಉಪದೇಶಗಳು ನನ್ನ ಮನಸ್ಸಿನಲ್ಲಿ ಸಾಲಾಗಿ ನಿಂತವು.

ಮೊದಲನೆಯದು, ಅಪಾಯವನ್ನೇ ಇಲ್ಲದಂತೆ ಮಾಡುವುದು. ದಾರಿಯಿಂದ ಉಪದ್ರವದ ವಸ್ತುವನ್ನು ಸರಿಸುವುದು ಈಮಾನಿನ ಶಾಖೆಗಳಲ್ಲೊಂದು (ಮುಸ್ಲಿಮ್). ದಾರಿಯಲ್ಲಿದ್ದ ಮುಳ್ಳಿನ ಕೊಂಬೆಯನ್ನು ಸರಿಸಿದ ಒಬ್ಬನನ್ನು ಅಲ್ಲಾಹನು ಕ್ಷಮಿಸಿದನು (ಬುಖಾರಿ, ಮುಸ್ಲಿಮ್). ಮುಳ್ಳಿದೆ, ಚಪ್ಪಲಿ ಹಾಕಿಕೊಂಡು ನಡೆಯಿರಿ ಎಂದು ಆತ ಬೋರ್ಡು ಹಾಕಲಿಲ್ಲ, ಮುಳ್ಳನ್ನೇ ತೆಗೆದ. ಮದೀನದಲ್ಲಿ ರಾತ್ರಿ ಮನೆಯೊಂದು ಸುಟ್ಟುಹೋದಾಗ, ಮಲಗುವ ಮುನ್ನ ಬೆಂಕಿಯನ್ನು ನಂದಿಸಬೇಕೆಂದು ಪ್ರವಾದಿ(ಸ)ಯವರು ಆದೇಶಿಸಿದರು (ಬುಖಾರಿ, ಮುಸ್ಲಿಮ್). ತೊಟ್ಟಿಯೊಳಗೆ ಮನುಷ್ಯನನ್ನು ಇಳಿಸದೆ ಹೊರಗಿನಿಂದ ಪಂಪಿನಲ್ಲಿ ಶುಚಿಗೊಳಿಸಲು ಸಾಧ್ಯವೆಂದಾದರೆ ಇಳಿಸುವ ಪ್ರಶ್ನೆಯೇ ಬರಬಾರದು.

ಎರಡನೆಯದು, ತೆಗೆಯಲಾಗದಿದ್ದರೆ ನಡುವೆ ತಡೆ ಕಟ್ಟುವುದು. ತಡೆಗೋಡೆಯಿಲ್ಲದ ಮಾಳಿಗೆಯಲ್ಲಿ ಮಲಗುವವನ ರಕ್ಷಣೆಯ ಹೊಣೆ ಉಳಿಯದೆಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ (ಅಬೂ ದಾವೂದ್). ಗರಗಸದ ಮುಚ್ಚಳ, ಬೆಲ್ಟಿನ ಜಾಲರಿ, ಮಹಡಿಯ ಅಂಚಿನ ಕಟಕಟೆ, ಹಬೆಯನ್ನೂ ಧೂಳನ್ನೂ ಹೊರಗೆಳೆಯುವ ಫ್ಯಾನ್, ಕಲ್ಲು ಕತ್ತರಿಸುವಾಗ ಹಾಯಿಸುವ ನೀರು, ಎಲ್ಲವೂ ಈ ತಡೆಗೋಡೆಯ ಜಾತಿಗೆ ಸೇರಿದವು. ಜ್ಯಾಕ್ ಮೇಲೆ ಎತ್ತಿದ ಲಾರಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡದೆ ನುಗ್ಗುವವನು ತಡೆಗೋಡೆಯಿಲ್ಲದ ಮಾಳಿಗೆಯಲ್ಲಿ ಮಲಗಿದವನೇ.

ಮೂರನೆಯದು, ಕೆಲಸದ ರೀತಿಯನ್ನು ತಿದ್ದುವುದು. ಮಸೀದಿಯಲ್ಲಿ, ಪೇಟೆಯಲ್ಲಿ ಬಾಣ ಹಿಡಿದು ನಡೆಯುವವನು ಅದರ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು (ಬುಖಾರಿ, ಮುಸ್ಲಿಮ್). ಒರೆಯಿಲ್ಲದ ಕತ್ತಿಯನ್ನು ಒಬ್ಬರಿಂದೊಬ್ಬರಿಗೆ ಕೊಡಬಾರದು (ಅಬೂ ದಾವೂದ್, ತಿರ್ಮಿದಿ). ಪೆಟ್ರೋಲ್ ಇದ್ದ ಖಾಲಿ ಡ್ರಮ್ಮನ್ನು ಶುದ್ಧಗೊಳಿಸದೆ ವೆಲ್ಡಿಂಗ್‌ಗೆ ಕೊಡುವವನು ಒರೆಯಿಲ್ಲದ ಕತ್ತಿಯನ್ನೇ ಕೊಡುತ್ತಿದ್ದಾನೆ. ಒಳಗೆ ಉಳಿದ ಆವಿ ಕಿಡಿ ತಗಲಿದೊಡನೆ ಸಿಡಿಯುತ್ತದೆ. ಕಡು ಬಿಸಿಲಿನಲ್ಲಿ ಝುಹರ್ ನಮಾಝನ್ನು ತಂಪಾಗುವವರೆಗೆ ತಡಮಾಡಬೇಕೆಂಬ ಆದೇಶವೂ ಇದೆ (ಬುಖಾರಿ, ಮುಸ್ಲಿಮ್). ಅಲ್ಲಾಹನು ತನ್ನ ಆರಾಧನೆಯನ್ನೇ ಬಿಸಿಲಿನ ಕಾರಣಕ್ಕೆ ತಡಮಾಡಲು ಬಿಟ್ಟಿರುವಾಗ, ನಮ್ಮ ಮನೆಯ ತಾರಸಿ ಕೆಲಸ ಎರಡು ಗಂಟೆ ಕಾಯಲಾರದೇ? ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ನೇರ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮವಿದೆ. ಅಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಸಿಗುವ ಆ ನೆರಳನ್ನು ನಾವು ಊರಿನ ಕೂಲಿಯವರಿಗೆ ಕೊಟ್ಟಿದ್ದೇವೆಯೇ?

ನಾಲ್ಕನೆಯದು ಮತ್ತು ಕೊನೆಯದು, ಮೈಗೆ ಕವಚ. ಅಲ್ಲಾಹನು ಹಝ್ರತ್ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿ, ಜನರನ್ನು ಕಾಪಾಡುವ ಕವಚ ಮಾಡಲು ಕಲಿಸಿದನು. ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂದೂ ಆಜ್ಞಾಪಿಸಿದನು (21:80, 34:11). ಒಬ್ಬ ಪ್ರವಾದಿಯ ಕಸುಬು ಜೀವರಕ್ಷಕ ಉಡುಪಿನ ತಯಾರಿ! ಅಲ್ಲಾಹನ ಮೇಲಿನ ಭರವಸೆಯಲ್ಲಿ ಪ್ರವಾದಿ(ಸ)ಯವರನ್ನು ಮೀರಿದವರಾರು? ಅವರೂ ಉಹುದ್ ದಿನ ಎರಡು ಕವಚಗಳನ್ನು ಒಂದರ ಮೇಲೊಂದು ತೊಟ್ಟಿದ್ದರು (ಅಬೂ ದಾವೂದ್). ಹೆಲ್ಮೆಟ್ ತೊಟ್ಟರೆ ಸೆಕೆ, ಬೆಲ್ಟ್ ಕಟ್ಟಿದರೆ ಅಂಜುಬುರುಕನೆನ್ನುತ್ತಾರೆ ಎನ್ನುವ ಯುವಕರು ಇದನ್ನು ನೆನಪಿಡಲಿ.

ಆದರೆ ಕವಚ ಕೊನೆಯದೆಂಬುದನ್ನು ಮರೆಯಬಾರದು. ನಮ್ಮಲ್ಲಿ ನಡೆಯುವುದು ತಿರುಗುಮುರುಗು. ಒಂದು ಜೊತೆ ಕೈಚೀಲ, ಒಂದು ಬಟ್ಟೆಯ ಮಾಸ್ಕ್ ಕೊಟ್ಟು ಹೊಣೆ ಮುಗಿಯಿತೆನ್ನುತ್ತೇವೆ. ತಿರುಗುವ ಗರಗಸದ ಮುಂದೆ ಕೈಚೀಲ ತೊಟ್ಟರೆ ಚೀಲವೇ ಹಲ್ಲಿಗೆ ಸಿಕ್ಕಿ ಕೈಯನ್ನು ಒಳಗೆಳೆಯುತ್ತದೆ. ಅಲ್ಲಿ ಬೇಕಾದದ್ದು ಮುಚ್ಚಳ, ಮತ್ತು ಹಲಗೆಯನ್ನು ತಳ್ಳಲು ಒಂದು ಕೋಲು. ಅಂಥ ಕೋಲನ್ನು ಆ ಮಿಲ್ಲಿನಲ್ಲೇ ಬಿದ್ದಿದ್ದ ಚೂರು ಮರದಿಂದ ಮಾಡಬಹುದಿತ್ತು.

ಮಾಲಕರೊಡನೆ ಒಂದು ಮಾತು

ನಿಮ್ಮ ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರು. ತಾಳಲಾರದ ಹೊರೆಯನ್ನು ಅವರ ಮೇಲೆ ಹೇರಬಾರದು, ಹೇರಿದರೆ ನೀವೂ ಕೈಜೋಡಿಸಬೇಕು ಎಂಬುದು ಪ್ರವಾದಿ(ಸ)ಯವರ ಬೋಧನೆ (ಬುಖಾರಿ, ಮುಸ್ಲಿಮ್). ಹಝ್ರತ್ ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಂಡ ಮದ್‌ಯನಿನ ಆ ವೃದ್ಧರು ಒಪ್ಪಂದದ ವೇಳೆಯೇ, ನಿಮ್ಮನ್ನು ಕಷ್ಟಕ್ಕೊಳಪಡಿಸಲು ಬಯಸುವುದಿಲ್ಲವೆಂದು ಮಾತು ಕೊಟ್ಟದ್ದನ್ನು ಕುರ್‌ಆನ್ ದಾಖಲಿಸಿದೆ (28:27). ಬೆವರು ಆರುವ ಮೊದಲು ಕೂಲಿ ಕೊಡುವುದನ್ನು ನೀವು ಪಾಲಿಸುತ್ತಿದ್ದೀರಿ, ಅಲ್ಲಾಹನು ಸ್ವೀಕರಿಸಲಿ. ಆದರೆ ಬೆವರಿನ ಬದಲು ರಕ್ತ ಹರಿದರೆ ಅದಕ್ಕೆ ಯಾವ ಕೂಲಿ ಸಾಲುತ್ತದೆ?

ಇಬ್ಬರೇ ಕೆಲಸದವರಿರುವ ಸಣ್ಣ ಅಂಗಡಿಗೆ ಇದೆಲ್ಲ ಹೇಗೆ ಸಾಧ್ಯವೆಂದು ನೀವು ಕೇಳಬಹುದು. ಮುಚ್ಚಳವನ್ನು ಮೊಳೆಯಿಂದ ತೆಗೆದು ಯಂತ್ರಕ್ಕೆ ಹಾಕಲು ಹಣ ಬೇಡ. ಕಿಟಕಿ ತೆರೆಯಲು, ನೆಲದ ಎಣ್ಣೆಯ ಮೇಲೆ ಮರದ ಪುಡಿ ಹಾಕಿ ಗುಡಿಸಲು, ಯಂತ್ರ ಶುಚಿಗೊಳಿಸುವ ಮೊದಲು ಮೈನ್ ಸ್ವಿಚ್ ಆರಿಸಲು ಹಣ ಬೇಡ. ಹೊಸಬನಿಗೆ ಮೊದಲ ದಿನವೇ ಒಂದು ಗಂಟೆ ಕೂತು ಕಲಿಸಲು ಬೇಕಾದದ್ದು ತಾಳ್ಮೆ ಮಾತ್ರ.

ಕಾನೂನೂ ಇದನ್ನೇ ಹೇಳುತ್ತದೆ. ತಿರುಗುವ ಯಂತ್ರಗಳಿಗೆ ಭದ್ರವಾದ ತಡೆಯಿರಬೇಕೆಂದೂ, ವಿಷಾನಿಲವಿರುವ ತೊಟ್ಟಿಗೆ ಪರೀಕ್ಷೆಯಿಲ್ಲದೆ ಯಾರನ್ನೂ ಇಳಿಸಬಾರದೆಂದೂ 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. ಮಲಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಸಾರಿತು. ಕೆಲಸದ ಸ್ಥಳವನ್ನು ಅಪಾಯಮುಕ್ತವಾಗಿಡುವ ಹೊಣೆಯನ್ನು 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಯೂ ಮಾಲಕನ ಮೇಲೆಯೇ ಹೊರಿಸಿದೆ. ಆದರೆ ವಿಶ್ವಾಸಿಯು ಇನ್‌ಸ್ಪೆಕ್ಟರರ ಭಯದಿಂದ ಮಾತ್ರ ಮುಚ್ಚಳ ಹಾಕುವವನಾಗಬಾರದು. ಇನ್‌ಸ್ಪೆಕ್ಟರ್ ವರ್ಷಕ್ಕೊಮ್ಮೆ ಬಂದಾರು, ಬಾರದಿರಲೂಬಹುದು. ಎಲ್ಲವನ್ನೂ ನೋಡುವವನ ಕಣ್ಣು ಮುಚ್ಚುವುದಿಲ್ಲ. ನೀವು ಕಾವಲುಗಾರರು, ನಿಮ್ಮ ಅಧೀನದವರ ಕುರಿತು ನಿಮ್ಮನ್ನು ಪ್ರಶ್ನಿಸಲಾಗುವುದು.

ದುಡಿಯುವ ಸಹೋದರರೇ, ಸಹೋದರಿಯರೇ

ನಿಮ್ಮ ದೇಹ ನಿಮ್ಮದಲ್ಲ, ಅಲ್ಲಾಹನು ಒಪ್ಪಿಸಿದ ಅಮಾನತ್. ಹತ್ತು ಹಲಗೆ ಹೆಚ್ಚು ಕೊಯ್ಯುವ ಆಸೆಯಿಂದ ತಡೆಯನ್ನು ನೀವೇ ಕಳಚಬೇಡಿರಿ. ನಿದ್ದೆಗೆಟ್ಟು ಯಂತ್ರದ ಮುಂದೆ ನಿಲ್ಲಬೇಡಿರಿ. ಬೀಡಿ ಕಟ್ಟುವ ತಾಯಂದಿರು ಕಿಟಕಿಯ ಬಳಿ ಕುಳಿತುಕೊಳ್ಳಲಿ, ಮಗುವನ್ನು ಎತ್ತಿಕೊಳ್ಳುವ ಮೊದಲು ಸಾಬೂನಿನಲ್ಲಿ ಕೈ ತೊಳೆಯಲಿ, ತೊಟ್ಟಿಲು ಬೇರೆ ಕೋಣೆಯಲ್ಲಿರಲಿ. ಅಪಾಯ ಕಂಡರೆ ಬಾಯಿಬಿಟ್ಟು ಹೇಳಿರಿ. 1984ರ ಭೋಪಾಲ ದುರಂತದ ಬಳಿಕ, 1987ರ ತಿದ್ದುಪಡಿಯು ಅಪಾಯಕಾರಿ ಕಾರ್ಖಾನೆಗಳ ಕಾರ್ಮಿಕರಿಗೆ ಸನ್ನಿಹಿತ ಅಪಾಯವನ್ನು ತಿಳಿಸುವ ಹಕ್ಕನ್ನು ಕೊಟ್ಟಿತು. ನಮಗಾದರೋ ಕೆಡುಕನ್ನು ತಡೆಯುವ ಆ ಹಕ್ಕು ಕರ್ತವ್ಯವಾಗಿ ಮೊದಲೇ ಬಂದಿದೆ. ಕೆಲಸ ಹೋದೀತೆಂಬ ಭಯ ನನಗೆ ಅರ್ಥವಾಗುತ್ತದೆ. ಒಬ್ಬನೇ ಹೇಳಲು ಅಂಜಿಕೆಯಾದರೆ ನಾಲ್ವರು ಕೂಡಿ ಹೇಳಿರಿ. ಮಹಲ್ಲಿನ ಹಿರಿಯರ ಮೂಲಕ ಹೇಳಿಸಿರಿ.

ಜಮಾಅತ್ ಮತ್ತು ನಾವು ಉಸ್ತಾದರು

ಮಹಲ್ಲಿನ ಹಿರಿಯರ ಬಗ್ಗೆ ಬರೆದ ಮೇಲೆ ನಮ್ಮ ಮಸೀದಿಯನ್ನೂ ನೋಡಬೇಕು. ಮಿನಾರಕ್ಕೆ ಬಣ್ಣ ಬಳಿಯುವವನ ಸೊಂಟಕ್ಕೆ ಹಗ್ಗವಿದೆಯೇ? ದೀಪದ ಸರ ಕಟ್ಟುವ ಹುಡುಗರ ಕೈಯಲ್ಲಿ ಲೋಹದ ಏಣಿಯಿದ್ದು, ಮೇಲೆ ವಿದ್ಯುತ್ ತಂತಿ ಹಾದುಹೋಗುತ್ತಿಲ್ಲವೇ? ಮಸೀದಿಯ ಬಾವಿಗೆ, ಟ್ಯಾಂಕಿಗೆ ಇಳಿಯುವವನನ್ನು ಯಾರು ಕಾಯುತ್ತಾರೆ? ಅಲ್ಲಾಹನ ಭವನಕ್ಕ��ಗಿ ದುಡಿಯುವವನ ಜೀವವೇ ಅಗ್ಗವಾದರೆ ನಾವು ಬೇರೆಯವರಿಗೆ ಬೋಧಿಸುವ ಮುಖವೆಲ್ಲಿ?

ಉಸ್ತಾದರಿಗೂ ಖತೀಬರಿಗೂ, ಮೊದಲಾಗಿ ನನಗೇ, ಒಂದು ವಿನಂತಿ. ಸಾವಿನ ಮನೆಯಲ್ಲಿ, ಗಾಯಾಳುವಿನ ಮನೆಯಲ್ಲಿ ಸಹನೆಯನ್ನು ಬೋಧಿಸೋಣ, ಅದು ಸುನ್ನತ್. ಆದರೆ ಅಲ್ಲಿಂದ ಎದ್ದು ಯಂತ್ರದ ಮಾಲಕನ ಮನೆಗೂ ಹೋಗೋಣ. ಹಾನಿ ಮಾಡಬಾರದು, ಹಾನಿಗೆ ಪ್ರತಿಹಾನಿಯೂ ಸಲ್ಲದು ಎಂಬ ಪ್ರವಾದಿ ವಚನದ ತಿರುಳನ್ನು (ಇಬ್ನು ಮಾಜ) ಅಲ್ಲಿ ವಿವರಿಸೋಣ. ನೊಂದವನಿಗೆ ಮಾತ್ರ ವಿಧಿಯ ಪಾಠ ಹೇಳಿ, ಹೊಣೆಗಾರನಿಗೆ ಹೊಣೆಯ ಪಾಠ ಹೇಳದಿದ್ದರೆ ನಾವು ದೀನಿನ ಅರ್ಧವನ್ನು ಬಚ್ಚಿಟ್ಟವರಾಗುತ್ತೇವೆ.

ಆ ಮಾಲಕರ ಬಳಿಗೆ ನಾನು ಹೋದದ್ದು ನಾಲ್ಕು ತಿಂಗಳ ಬಳಿಕ. ತಾಯಿಯ ಪ್ರಶ್ನೆಯನ್ನು ಹಾಗೆಯೇ ಅವರ ಮುಂದಿಟ್ಟೆ. ಬಹಳ ಹೊತ್ತು ಅವರು ಮಾತಾಡಲಿಲ್ಲ. ಮುಂದಿನ ವಾರ ಮಿಲ್ಲಿಗೆ ಹೋದಾಗ ಮುಚ್ಚಳ ಯಂತ್ರದ ಮೇಲಿತ್ತು. ಹುಡುಗನಿಗೆ ಲೆಕ್ಕಪತ್ರದ ಕೆಲಸ ಕೊಟ್ಟಿದ್ದಾರೆ, ಎಡಗೈಯಲ್ಲಿ ಬರೆಯಲು ಕಲಿತಿದ್ದಾನೆ. ಮದ್ರಸದಲ್ಲಿ ಅವನ ಅರಬಿ ಅಕ್ಷರ ಎಲ್ಲರಿಗಿಂತ ಚೆನ್ನಾಗಿತ್ತು. ಆ ಅಕ್ಷರ ಮರಳಿ ಬರಲಿಲ್ಲ.

ಅಮ್ಮಾ, ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿದು: ನಿಮ್ಮ ಮಗ ಕಳೆದುಕೊಂಡದ್ದರ ಪ್ರತಿಫಲ ಅಲ್ಲಾಹನ ಬಳಿ ಇದೆ. ಮುಚ್ಚಳ ಕಳಚಿದ್ದರ ಲೆಕ್ಕವೂ ಅವನ ಬಳಿ ಇದೆ. ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಿದ ನನ್ನ ತಪ್ಪನ್ನು ಅವನು ಮನ್ನಿಸಲಿ.

ಅಲ್ಲಾಹನೇ, ದುಡಿದು ಉಣ್ಣುವ ಕೈಗಳನ್ನು ಕಾಪಾಡು. ಬೆಳಿಗ್ಗೆ ಹೊರಟವರನ್ನು ಸಂಜೆ ಮಕ್ಕಳ ಬಳಿಗೆ ಕ್ಷೇಮವಾಗಿ ಮರಳಿಸು. ನಮ್ಮ ವಶಕ್ಕೆ ಒಪ್ಪಿಸಿದ ಜೀವಗಳ ಅಮಾನತನ್ನು ಪಾಲಿಸುವ ತೌಫೀಕನ್ನು ನಮಗೆ ದಯಪಾಲಿಸು. ಆಮೀನ್.